ಅಕ್ಷರದ ತಲೆಗೆ ಚುಕ್ಕೆಯಿಟ್ಟ ಯಾನ್ ಹುಸ್

ಸ್ಕೋಡಾ ಕಾರನ್ನು ನಾವೆಲ್ಲ ನೋಡಿದ್ದೇವೆ. ಅದು ಹುಟ್ಟಿದ ಚೆಕ್ ದೇಶದಲ್ಲಿ ಅದರ ಹೆಸರು ಶ್ಕೋಡಾ. ಅಲ್ಲಿಯವರು ಬರೆಯುವಾಗ ಮೊದಲ ಎಸ್ ಅಕ್ಷರದ ತಲೆಯ ಮೇಲೆ ಚಿಕ್ಕದೊಂದು ಕೊಕ್ಕೆ ಹಾಕುತ್ತಾರೆ. ಕೊಕ್ಕೆ ಇಲ್ಲದಿದ್ದರೆ ಸ, ಇದ್ದರೆ ಶ. ಈ ಕೊಕ್ಕೆಯ ಜೊತೆಗೆ ಆರು ನೂರು ವರ್ಷಗಳ ಹಿಂದಿನ ಒಬ್ಬ ಪಾದ್ರಿಯ ಹೆಸರು ಸೇರಿಕೊಂಡಿದೆ. ಅವರೇ ಯಾನ್ ಹುಸ್.

ಹುಸ್ ಹುಟ್ಟಿದ್ದು ಸುಮಾರು 1370ರಲ್ಲಿ, ದಕ್ಷಿಣ ಬೊಹೀಮಿಯಾದ ಹುಸಿನೆಟ್ಸ್ ಎಂಬಲ್ಲಿ. ಊರಿನ ಹೆಸರನ್ನು ಮೊಟಕು ಮಾಡಿ ಹುಸ್ ಎಂದು ಇಟ್ಟುಕೊಂಡರು. ಅವರ ಭಾಷೆಯಲ್ಲಿ ಅದಕ್ಕೆ ಬಾತುಕೋಳಿಯ ಜಾತಿಯ ಹೆಬ್ಬಾತು ಎಂಬ ಅರ್ಥವಿದೆ. ಬಡತನದಲ್ಲೇ ಪ್ರಾಗ್ ವಿಶ್ವವಿದ್ಯಾಲಯ ಸೇರಿ 1396ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1402ರಿಂದ ಪ್ರಾಗ್‌ನ ಬೆತ್ಲೆಹೆಮ್ ಪ್ರಾರ್ಥನಾಲಯದಲ್ಲಿ ಉಪದೇಶ ಮಾಡತೊಡಗಿದರು. ಸುಮಾರು 3000 ಜನ ಹಿಡಿಸುತ್ತಿದ್ದ ಆ ಜಾಗದಲ್ಲಿ ಉಪದೇಶ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಲ್ಲ, ಜನರಾಡುವ ಚೆಕ್ ಭಾಷೆಯಲ್ಲಿ. 1409ರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರೂ ಆದರು.

ಆಡುವುದು ಸುಲಭವಾಗಿತ್ತು, ಬರೆಯುವುದೇ ತೊಡಕು. ಲ್ಯಾಟಿನ್ ಲಿಪಿಯಲ್ಲಿ ಚ, ಶ ಮುಂತಾದ ಧ್ವನಿಗಳಿಗೆ ಅಕ್ಷರವೇ ಇಲ್ಲ. ಎರಡು ಮೂರು ಅಕ್ಷರ ಜೋಡಿಸಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದರು. (ಪೋಲಿಷ್‌ನಲ್ಲಿ ಇಂದಿಗೂ ಎಸ್ ಪಕ್ಕ ಝಡ್ ಬರೆದರೆ ಶ.) 15ನೇ ಶತಮಾನದ ಆರಂಭದಲ್ಲಿ ಚೆಕ್ ಬರಹದ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಸಣ್ಣ ಪುಸ್ತಕ ಬಂತು. ಒಂದು ಧ್ವನಿಗೆ ಒಂದೇ ಅಕ್ಷರ ಸಾಕು, ಶ ಬೇಕಾದರೆ ಎಸ್ ಮೇಲೆ ಚುಕ್ಕೆ, ಸ್ವರ ದೀರ್ಘವಾದರೆ ಅದರ ಮೇಲೊಂದು ಓರೆಗೀಟು ಎಂಬುದು ಅದರ ಸಲಹೆ. ಪುಸ್ತಕ ಹುಸ್ ಅವರದೆಂದು ಬಹುಕಾಲದಿಂದ ನಂಬಿಕೆ. ಅನುಮಾನಿಸುವ ವಿದ್ವಾಂಸರೂ ಇದ್ದಾರೆ. ಸ, ಶ ಬೇರೆಬೇರೆ ಇರುವ ಕನ್ನಡದವರಿಗೆ ಇದೇನು ಮಹಾ ಎನ್ನಿಸಬಹುದು. ಅರಬ್ಬಿ ಓದುವವರಿಗಂತೂ ಸೀನ್ ಮೇಲೆ ಮೂರು ಚುಕ್ಕೆ ಇಟ್ಟರೆ ಶೀನ್ ಆಗುವುದು ಚಿಕ್ಕಂದಿನಿಂದಲೇ ಗೊತ್ತು.

ಹುಸ್ ಅವರಿಗೆ ಕಷ್ಟ ತಂದದ್ದು ಅಕ್ಷರವಲ್ಲ. ಹಣ ಪಡೆದು ಪಾಪವಿಮೋಚನೆಯ ಪತ್ರ ಮಾರುವುದನ್ನು ಅವರು 1412ರಲ್ಲಿ ಬಹಿರಂಗವಾಗಿ ಖಂಡಿಸಿದರು. ಬಹಿಷ್ಕಾರ ಬಿಗಿಯಾಯಿತು. ಪ್ರಾಗ್ ಬಿಟ್ಟು ಹಳ್ಳಿಗಾಡಿನಲ್ಲಿದ್ದುಕೊಂಡು ಚೆಕ್ ಭಾಷೆಯಲ್ಲಿ ಪುಸ್ತಕ ಬರೆದರು. 1414ರಲ್ಲಿ ಕಾನ್‌ಸ್ಟನ್ಸ್ ನಗರದ ಧರ್ಮಸಭೆಗೆ ಕರೆ ಬಂದಾಗ, ದೊರೆ ಸಿಗಿಸ್ಮಂಡ್ ಕೊಟ್ಟ ರಕ್ಷಣೆಯ ಮಾತನ್ನು ನಂಬಿ ಹೋದರು. ತಿಂಗಳೊಳಗೆ ಸೆರೆಯಾದರು. ತಪ್ಪೊಪ್ಪಿಕೊಂಡರೆ ಜೀವ ಉಳಿಯುತ್ತಿತ್ತು. ತಾನು ಹೇಳದ ಮಾತುಗಳನ್ನು ಹೇಳಿದೆನೆಂದು ಒಪ್ಪಿ ಹಿಂತೆಗೆದುಕೊಳ್ಳಲು ಅವರು ಸಿದ್ಧರಿರಲಿಲ್ಲ. 1415ರ ಜುಲೈ 6ರಂದು ಅವರನ್ನು ಜೀವಂತ ಸುಟ್ಟು, ಬೂದಿಯನ್ನು ರೈನ್ ನದಿಗೆ ಎಸೆದರು. ಚೆಕ್ ದೇಶದಲ್ಲಿ ಆ ದಿನ ಈಗ ಸರ್ಕಾರಿ ರಜೆ.

ಚುಕ್ಕೆ ಮಾತ್ರ ಉಳಿಯಿತು. ಕಾಲಕ್ರಮದಲ್ಲಿ ಅದು ಕೊಕ್ಕೆಯಾಗಿ, ಸ್ಲೊವಾಕ್ ಭಾಷೆಗೂ ಹೋಯಿತು. 1830ರಲ್ಲಿ ಲ್ಯುದೆವಿತ್ ಗಾಯ್ ಎಂಬವರು ಅದನ್ನು ಕ್ರೊಯೇಷಿಯನ್ ಬರಹಕ್ಕೆ ಸೂಚಿಸಿದರು. ಸ್ಲೊವೇನಿಯನ್, ಲಿಥುವೇನಿಯನ್, ಲಾಟ್ವಿಯನ್ ಭಾಷೆಗಳಲ್ಲೂ ಅದಿದೆ. ಒಮ್ಮೆ ಅರಬ್ಬಿ ಲಿಪಿಯಲ್ಲೂ ಬರೆಯುತ್ತಿದ್ದ ಬೋಸ್ನಿಯಾದ ಮುಸ್ಲಿಮರು ಇಂದು ಸರಾಯೆವೊದ ಹಳೆಯ ಪೇಟೆ ಬಶ್‌ಚಾರ್ಶಿಯಾದ ಹೆಸರನ್ನು ಬರೆಯುವಾಗ ಮೂರು ಕಡೆ ಇದೇ ಕೊಕ್ಕೆ ಹಾಕುತ್ತಾರೆ. ಆ ಹೆಸರಿನ ಮೂಲ ತುರ್ಕಿ ಭಾಷೆ. ತುರ್ಕರಾದರೋ 1928ರಲ್ಲಿ ಲ್ಯಾಟಿನ್ ಲಿಪಿಗೆ ಬದಲಾದಾಗ ಕೊಕ್ಕೆಯನ್ನು ಅಕ್ಷರದ ಕೆಳಗೆ ಹಾಕಿಕೊಂಡರು. ಯುರೋಪಿನ ಅನೇಕ ವಿದ್ವಾಂಸರು ಅರಬ್ಬಿಯ ಶೀನ್ ಅನ್ನು ಲ್ಯಾಟಿನ್ ಅಕ್ಷರದಲ್ಲಿ ತೋರಿಸಬೇಕಾದಾಗ ಬಳಸುವುದೂ ತಲೆಯ ಮೇಲೆ ಕೊಕ್ಕೆಯಿರುವ ಎಸ್ ಅನ್ನೇ.