ಬೀದರಕ್ಕೆ ಬಂದ ಪರದೇಶಿ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದ ಕೋಶ ಓದುವ ಭಾಗ್ಯವು ನನಗೆ ದೊರೆತಿದೆ. ನಾನು ಸುತ್ತಿದ ದೇಶವೆಂದರೆ ಭಾಲ್ಕಿ ತಾಲೂಕಿನ ಮೆಹಕರದಿಂದ ಬೀದರದವರೆಗಿನ ದಾರಿ ಮಾತ್ರ. ಆದರೆ ಐದೂವರೆ ಶತಮಾನಗಳ ಹಿಂದೆ ಸಮುದ್ರಗಳನ್ನು ದಾಟಿ ಇದೇ ಬೀದರಕ್ಕೆ ಬಂದು, ಇಲ್ಲಿಯ ಜನರ ನಡುವೆ ಬಾಳಿ, ಕಂಡುದನ್ನೆಲ್ಲ ಬರೆದಿಟ್ಟು ಹೋದ ಒಬ್ಬ ವರ್ತಕನಿದ್ದನು. ಅವನೇ ರಶಿಯಾ ದೇಶದ ಅಫನಾಸಿ ನಿಕಿತಿನ್. ವಾಸ್ಕೊ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಕಾಲು ಶತಮಾನ ಮುಂಚೆಯೇ ಈತನು ನಮ್ಮ ನೆಲವನ್ನು ತುಳಿದಿದ್ದನು.

ನಿಕಿತಿನನು ವೋಲ್ಗಾ ನದಿಯ ದಂಡೆಯ ತ್ವೇರ್ ಪಟ್ಟಣದವನು. 1460ರ ದಶಕದ ಉತ್ತರಾರ್ಧದಲ್ಲಿ ಸರಕು ತುಂಬಿಕೊಂಡು, ಜೊತೆಗಾರರೊಡನೆ ನದಿಯ ಗುಂಟ ದಕ್ಷಿಣಕ್ಕೆ ಹೊರಟನು. ಅಸ್ತ್ರಾಖಾನದ ಹತ್ತಿರ ತಾತಾರರು ಅವರನ್ನು ದೋಚಿಕೊಂಡರು. ಊರಿಗೆ ಮರಳಲು ನೆರವಾಗಬೇಕೆಂದು ಅವರು ಶಿರ್ವಾನದ ಅರಸನನ್ನು ಬೇಡಿಕೊಂಡರೂ ಫಲವಾಗಲಿಲ್ಲ. ಊರಲ್ಲಿ ಏನಾದರೂ ಆಸ್ತಿಯಿದ್ದವರು ಹಿಂದಿರುಗಿದರು. ಸಾಲ ಮಾಡಿ ಬಂದವರು ಕಾಲು ಒಯ್ದತ್ತ ಹೋದರು. ನಿಕಿತಿನನು ಹೀಗೆ ಮುಂದೆ ನಡೆದವರಲ್ಲಿ ಒಬ್ಬನು. ಆದುದರಿಂದ ಅವನ ಪ್ರವಾಸವನ್ನು ವಿನೋದದ ಪ್ರವಾಸವೆಂದು ತಿಳಿಯಲಾಗದು. ನಮ್ಮ ಭಾಷೆಯಲ್ಲಿ ಪರದೇಶಿ ಎಂಬ ಮಾತಿಗೆ ಹೊರನಾಡಿನವನೆಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನೆಂಬ ಅರ್ಥವೂ ಇದೆ. ಇವನು ಎರಡೂ ಅರ್ಥದಲ್ಲಿ ಪರದೇಶಿಯಾಗಿದ್ದನು.

ದರ್ಬೆಂದ್, ಬಾಕು, ಪಾರಸಿಕ ದೇಶಗಳ ಮೂಲಕ ಅವನು ಹೊರ್ಮುಜ್ ಬಂದರಿಗೆ ಬಂದನು. ಹಿಂದುಸ್ಥಾನದಲ್ಲಿ ಕುದುರೆಗೆ ಒಳ್ಳೆಯ ಬೆಲೆಯುಂಟೆಂದು ತಿಳಿದು, ಒಂದು ಗಂಡು ಕುದುರೆಯನ್ನು ಹಡಗಿಗೆ ಏರಿಸಿದನು. ದೀವ್, ಖಂಭಾತಗಳನ್ನು ಮುಟ್ಟಿ ಕೊಂಕಣದ ಚೌಲದಲ್ಲಿ ಇಳಿದನು. ಅಲ್ಲಿಂದ ಘಟ್ಟ ಹತ್ತಿ ಜುನ್ನರಕ್ಕೆ ಬಂದು ಮಳೆಗಾಲ ಕಳೆದನು. ಅವನನ್ನು ಅಲ್ಲಿಗೆ ತರಲು ನೂರು ರೂಬಲ್ ಖರ್ಚಾಗಿದ್ದ ಆ ಕುದುರೆಯನ್ನು ಜುನ್ನರದ ಅಧಿಕಾರಿಯಾದ ಅಸದ್ ಖಾನನು ಕಸಿದುಕೊಂಡನು. ಮತಾಂತರ ಹೊಂದಿದರೆ ಕುದುರೆಯೂ ಸಾವಿರ ಹೊನ್ನೂ ಸಿಗುವುದು, ಇಲ್ಲವಾದರೆ ಕುದುರೆಯೂ ಹೋಗುವುದು, ಮೇಲೆ ಸಾವಿರ ಹೊನ್ನಿನ ದಂಡವೂ ಬೀಳುವುದೆಂದು ಹೇಳಿ ನಾಲ್ಕು ದಿನಗಳ ಗಡುವು ಕೊಟ್ಟನು. ಆಗ ಖುರಾಸಾನದ ಖೋಜಾ ಮುಹಮ್ಮದನೆಂಬವನು ನಡುವೆ ಬಂದು, ಖಾನನಿಗೆ ಹೇಳಿ ಕುದುರೆಯನ್ನು ಬಿಡಿಸಿಕೊಟ್ಟನು. ಕಸಿದುಕೊಂಡವನು ಯಾವ ಧರ್ಮದವನೋ ಕಾಪಾಡಿದವನೂ ಅದೇ ಧರ್ಮದವನು ಎಂಬುದನ್ನು ಇಲ್ಲಿ ಗಮನಿಸಬೇಕು.

ಜುನ್ನರದಿಂದ ಅವನು ಬೀದರಕ್ಕೆ ಬಂದನು. ಆಗ ಬೀದರವು ಬಹಮನಿ ರಾಜ್ಯದ ರಾಜಧಾನಿ. ಮೂರನೆಯ ಮುಹಮ್ಮದ್ ಶಹನು ತರುಣ ಸುಲ್ತಾನ. ಅರಮನೆಗೆ ಏಳು ಬಾಗಿಲುಗಳಿದ್ದುದನ್ನೂ, ಒಂದೊಂದು ಬಾಗಿಲಲ್ಲಿಯೂ ಕಾವಲುಗಾರರೂ ಹೆಸರು ಬರೆದುಕೊಳ್ಳುವ ಲೇಖಕರೂ ಕುಳಿತಿರುತ್ತಿದ್ದುದನ್ನೂ ನಿಕಿತಿನನು ಬರೆದಿದ್ದಾನೆ. ಹಬ್ಬದ ದಿನ ಸುಲ್ತಾನನ ಸವಾರಿ ಹೊರಟಾಗ ಶೃಂಗಾರಗೊಂಡ ಮುನ್ನೂರು ಆನೆಗಳನ್ನು ಎಣಿಸಿದನು. ಆದರೆ ಈ ವೈಭವವು ಅವನ ಕಣ್ಣು ಕುಕ್ಕಿಸಲಿಲ್ಲ. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ತಿರುಗುವ ಈ ನಾಡಿನಲ್ಲಿ ಹಳ್ಳಿಯ ಜನರು ಮೈಮೇಲೆ ಬಟ್ಟೆಯಿಲ್ಲದೆ ಬಲು ಬಡವರಾಗಿದ್ದಾರೆ ಎಂಬುದನ್ನೂ ಅವನು ಸ್ಪಷ್ಟವಾಗಿ ದಾಖಲಿಸಿದನು. ಆಸ್ಥಾನದ ಕವಿಗಳು ಮರೆಯಬಹುದಾಗಿದ್ದ ನಮ್ಮ ಪೂರ್ವಿಕರನ್ನು ದೂರದ ಈ ವರ್ತಕನು ಮರೆಯಲಿಲ್ಲ.

ಬೀದರದಲ್ಲಿ ಅವನು ಮೊದಲು ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ಇದ್ದನು. ಒಂದು ವರ್ಷ ಮೇವು ಹಾಕಿ ಸಾಕಿದ್ದ ಕುದುರೆಯನ್ನು ಇಲ್ಲಿಯೇ ಮಾರಿದನು. ಕ್ರಮೇಣ ಹಿಂದೂ ಜನರ ಪರಿಚಯವಾಯಿತು. ಒಂದು ದಿನ ಅವರ ಮುಂದೆ, ತಾನು ಮುಸಲ್ಮಾನನಲ್ಲ, ಕ್ರೈಸ್ತನು, ತನ್ನ ನಿಜವಾದ ಹೆಸರು ಅಫನಾಸಿ ಎಂದು ಹೇಳಿಬಿಟ್ಟನು. ಆ ಬಳಿಕ ಅವರು ಊಟ, ವ್ಯಾಪಾರ, ಪೂಜೆ, ಮನೆಯ ಹೆಂಗಸರು, ಯಾವುದನ್ನೂ ಅವನಿಂದ ಮರೆಮಾಡಲಿಲ್ಲ. ಜನರು ಬಲಗೈಯಿಂದಲೇ ಉಣ್ಣುವುದು, ಉಣ್ಣುವ ಮುಂಚೆ ಕೈಕಾಲು ತೊಳೆದು ಬಾಯಿ ಮುಕ್ಕಳಿಸುವುದು, ಬೆಣ್ಣೆ ಹಾಕಿದ ಕಿಚಡಿ, ಒಂದು ಪಂಗಡದವರು ಇನ್ನೊಂದು ಪಂಗಡದವರೊಡನೆ ಉಣ್ಣದಿರುವುದು ಇವೆಲ್ಲ ಅವನ ಬರಹದಲ್ಲಿವೆ. ಅವರ ಜೊತೆಯಲ್ಲಿಯೇ ಶಿವರಾತ್ರಿಗೆ ಶ್ರೀಶೈಲ ಪರ್ವತಕ್ಕೂ ಹೋದನು. ಅದು ಒಂದು ತಿಂಗಳ ಹಾದಿ. ಅಲ್ಲಿ ಕರಿಕಲ್ಲಿನ ದೊಡ್ಡ ನಂದಿಯನ್ನು ಕಂಡನು. ನಮ್ಮ ಆಳಂದದ ಜಾತ್ರೆಯಲ್ಲಿ ಕುದುರೆಗಳ ಮಾರಾಟವನ್ನೂ ನೋಡಿದನು.

ಇಷ್ಟಾದರೂ ಅವನ ಮನಸ್ಸಿಗೆ ಶಾಂತಿಯಿರಲಿಲ್ಲ. ಧರ್ಮಗ್ರಂಥಗಳು ದರೋಡೆಯಲ್ಲಿಯೇ ಹೋಗಿದ್ದವು. ತನ್ನ ಹಬ್ಬಗಳ ಲೆಕ್ಕ ತಪ್ಪಿ, ಮುಸಲ್ಮಾನರ ಹಬ್ಬವನ್ನೂ ಆಕಾಶದ ನಕ್ಷತ್ರಗಳನ್ನೂ ನೋಡಿ ಈಸ್ಟರ್ ದಿನವನ್ನು ಊಹಿಸಬೇಕಾಯಿತು. ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಅವನ ಪ್ರಾರ್ಥನೆಯಲ್ಲಿಯೇ ಬೆರೆತುಹೋದವು. ವ್ಯಾಪಾರವೂ ಕೈಗೂಡಲಿಲ್ಲ, ತನ್ನ ನಾಡಿಗೆ ಒಯ್ಯತಕ್ಕ ಸರಕು ಇಲ್ಲಿ ಇಲ್ಲವೆಂಬ ನಿರ್ಣಯಕ್ಕೆ ಬಂದನು.

ಅದೇ ಕಾಲದಲ್ಲಿ ಬೀದರದಲ್ಲಿ ಇನ್ನೊಬ್ಬ ಪರನಾಡಿನ ವರ್ತಕನು ವೈಭವದ ಶಿಖರದಲ್ಲಿದ್ದನು. ಅವನು ಗಿಲಾನದಿಂದ ಬಂದ ಮಹಮೂದ್ ಗವಾನ್. ವರ್ತಕರ ಒಡೆಯನೆಂಬ ಬಿರುದು ಪಡೆದು ಪ್ರಧಾನಿಯಾಗಿ, 1472ರಲ್ಲಿ ಪ್ರಸಿದ್ಧ ಮದರಸಾವನ್ನು ಕಟ್ಟಿಸಿದನು. ಸುಲ್ತಾನನು ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿ, 1481ರಲ್ಲಿ ಆ ವೃದ್ಧನನ್ನು ಕೊಲ್ಲಿಸಿದನು. ಅಲ್ಲಿಂದ ರಾಜ್ಯವೂ ಒಡೆಯತೊಡಗಿತು. ಬರಿಗೈಯಲ್ಲಿ ಹೋದ ನಿಕಿತಿನನು ಆ ದುರಂತವನ್ನು ಕಾಣಲಿಲ್ಲ.

ಅವನು ಕಲಬುರಗಿಯ ಮೇಲಿಂದ ದಾಭೋಳಕ್ಕೆ ಹೋಗಿ ಹಡಗು ಹತ್ತಿದನು. ಗಾಳಿಗೆ ಸಿಕ್ಕಿ ಹಡಗು ಇಥಿಯೋಪಿಯಾದ ಕರೆಗೆ ಹೋಯಿತು. ಅಕ್ಕಿ, ಮೆಣಸು ಕೊಟ್ಟು ಜೀವ ಉಳಿಸಿಕೊಂಡರು. ಹೊರ್ಮುಜ್, ತಬ್ರೀಜ್ ದಾಟಿ ತ್ರೆಬಿಜೋಂದಿಗೆ ಬಂದಾಗ ಅಲ್ಲಿಯ ಅಧಿಕಾರಿಗಳು ಪತ್ರಗಳನ್ನು ಹುಡುಕುವ ನೆವದಲ್ಲಿ ಇದ್ದಬದ್ದ ವಸ್ತುಗಳನ್ನು ದೋಚಿದರು. ಕಪ್ಪು ಸಮುದ್ರವನ್ನೂ ದಾಟಿದನು. ಆದರೆ ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ, ಹುಟ್ಟೂರನ್ನು ಕಾಣದೆಯೇ ತೀರಿಕೊಂಡನು. ಅವನ ಕೈಬರಹದ ಹಾಳೆಗಳನ್ನು ವರ್ತಕರು ತಂದು 1475ರಲ್ಲಿ ಮಾಸ್ಕೋದ ಅರಸನ ಕಾರಕೂನನಿಗೆ ಒಪ್ಪಿಸಿದರು. ಮೂರು ಸಮುದ್ರಗಳಾಚೆಯ ಪ್ರಯಾಣವೆಂದು ಆ ಬರಹಕ್ಕೆ ಹೆಸರು. ತ್ವೇರ್ ಪಟ್ಟಣದಲ್ಲಿ 1955ರಲ್ಲಿ ಅವನ ಪ್ರತಿಮೆ ನಿಂತಿತು. 1957ರಲ್ಲಿ ಅವನ ಕಥೆಯು ಭಾರತ ಮತ್ತು ಸೋವಿಯತ್ ದೇಶಗಳ ಕೂಡುಪ್ರಯತ್ನದಿಂದ ಪರದೇಸಿ ಎಂಬ ಚಲಚ್ಚಿತ್ರವಾಯಿತು.

ಮೊದಲ ವರ್ಷ ಬೀದರಕ್ಕೆ ಬಂದಾಗ, ಕನ್ನಡ, ಮರಾಠಿ, ಉರ್ದು ಬೆರೆತ ನನ್ನ ಮಾತಿಗೆ ನಾನೇ ನಾಚಿ, ಕೇಳಿದವರಿಗೆ ಭಾಲ್ಕಿ ಪಟ್ಟಣದವನೆಂದು ಹೇಳುತ್ತಿದ್ದೆನು. ನಿಕಿತಿನನ ಚರಿತ್ರೆಯನ್ನು ಓದಿದ ಮೇಲೆ ಆ ರೂಢಿಯನ್ನು ಬಿಟ್ಟಿದ್ದೇನೆ. ಸರಕಾಗಲಿ ಸೈನ್ಯವಾಗಲಿ ಇಲ್ಲದ ಆ ಮನುಷ್ಯನಿಗೆ ಬೀದರದ ಮನೆಗಳ ಬಾಗಿಲು ತೆರೆದದ್ದು ಅವನು ತನ್ನ ನಿಜವಾದ ಹೆಸರನ್ನು ಹೇಳಿದ ದಿನ. ಈಗ ಯಾವ ಊರು ಎಂದು ಯಾರಾದರೂ ಕೇಳಿದರೆ, ಮೆಹಕರ ಎಂದೇ ಹೇಳುತ್ತೇನೆ.