ಜಗಳವಾಡಿದವರನ್ನೇ ಹುಡುಕಲು ಹೋದವರು

ರಾತ್ರಿ ಹನ್ನೆರಡೂವರೆ. ನಮ್ಮ ಹಾಸ್ಟೆಲಿನಲ್ಲಾದರೆ ಮ್ಯಾಗಿ ಮಾಡಿಕೊಳ್ಳೋ ಹೊತ್ತು. ನಾರ್ವೆಯ ಟ್ರಾಮ್ಸೋ ಊರಿನಲ್ಲಿ ಜೂನ್ ತಿಂಗಳ ಇದೇ ಹೊತ್ತಿಗೆ ಬಿಸಿಲಿರುತ್ತೆ! ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿರುವ ಈ ಊರಿನಲ್ಲಿ ಎರಡು ತಿಂಗಳು ಸೂರ್ಯ ಮುಳುಗೋದೇ ಇಲ್ಲ. ಬನ್ನಿ, ಮನಸ್ಸಿನಲ್ಲೇ ಬಂದರಿನ ಕಡೆ ಒಂದು ಸುತ್ತು ಹಾಕೋಣ. ಅಲ್ಲೊಂದು ಪ್ರತಿಮೆಯಿದೆ: ರೋಆಲ್ಡ್ ಅಮುಂಡ್ಸನ್.

1872ರಲ್ಲಿ ಹುಟ್ಟಿದ ಅಮುಂಡ್ಸನ್ ಅಮ್ಮನ ಆಸೆಗಾಗಿ ವೈದ್ಯಕೀಯ ಓದಲು ಸೇರಿದ್ದರು. ಅಮ್ಮ ತೀರಿಕೊಂಡ ಮೇಲೆ ಓದು ಬಿಟ್ಟು ಸಮುದ್ರಕ್ಕಿಳಿದರು. 1903ರಲ್ಲಿ, ಸಾಲ ಕೊಟ್ಟವರು ಹಡಗು ಹಿಡಿದಿಟ್ಟುಕೊಳ್ಳೋ ಮೊದಲೇ, ರಾತ್ರೋರಾತ್ರಿ ‘ಯೋವಾ’ ಎಂಬ ಪುಟ್ಟ ಹಡಗಿನಲ್ಲಿ ಆರು ಜನರ ಜೊತೆ ಹೊರಟುಬಿಟ್ಟರು. ಕೆನಡಾದ ಉತ್ತರದ ಹಿಮದ ನಡುವೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹಡಗಿನಲ್ಲೇ ದಾಟಿದ ಮೊದಲಿಗರು ಅವರೇ. ದಾರಿಯಲ್ಲಿ ಸುಮಾರು ಎರಡು ವರ್ಷ ಇನುಯಿಟ್ ಜನರ ಹತ್ತಿರ ತುಪ್ಪಳದ ಬಟ್ಟೆ ತೊಡೋದು, ನಾಯಿ ಕಟ್ಟಿದ ಜಾರುಬಂಡಿ ಓಡಿಸೋದು ಕಲಿತರು. ಆ ಪಾಠವೇ 1911ರ ಡಿಸೆಂಬರ್ 14ರಂದು ಅವರನ್ನ ದಕ್ಷಿಣ ಧ್ರುವಕ್ಕೆ ಎಲ್ಲರಿಗಿಂತ ಮೊದಲು ಮುಟ್ಟಿಸಿತು.

1926ರಲ್ಲಿ ‘ನೋರ್ಗೆ’ ವಾಯುನೌಕೆಯಲ್ಲಿ ಉತ್ತರ ಧ್ರುವದ ಮೇಲೂ ಹಾರಿದರು. ಅದನ್ನ ವಿನ್ಯಾಸ ಮಾಡಿ ನಡೆಸಿದವರು ಇಟಲಿಯ ಇಂಜಿನಿಯರ್ ಉಂಬೆರ್ತೋ ನೋಬಿಲೆ. ಆಮೇಲೆ ಶುರುವಾಯ್ತು ನಮಗೆಲ್ಲ ಗೊತ್ತಿರೋ ಜಗಳ: ಪ್ರಾಜೆಕ್ಟ್ ಮಾಡಿದ್ದು ಎಲ್ಲರೂ ಸೇರಿ, ಕ್ರೆಡಿಟ್ ಯಾರಿಗೆ? ಇಬ್ಬರೂ ಬಹಿರಂಗವಾಗೇ ಕಿತ್ತಾಡಿ ದೂರವಾದರು.

1928ರ ಮೇ 25ರಂದು ನೋಬಿಲೆಯವರ ಹೊಸ ವಾಯುನೌಕೆ ‘ಇಟಾಲಿಯಾ’ ಹಿಮದ ಮೇಲೆ ಅಪ್ಪಳಿಸಿತು. ಹುಡುಕಲು ಹೋಗ್ತೀರಾ ಅಂತ ಕೇಳಿದಾಗ ಅಮುಂಡ್ಸನ್ ಹಿಂದೆಮುಂದೆ ನೋಡದೆ ಒಪ್ಪಿದರು. ಆಗ ಅವರಿಗೆ 55 ವರ್ಷ. ಜೂನ್ 18ರಂದು ಇದೇ ಟ್ರಾಮ್ಸೋದಿಂದ ಫ್ರಾನ್ಸಿನ ‘ಲಾಥಂ 47’ ವಿಮಾನ ಅವರನ್ನೂ ಇನ್ನೈದು ಜನರನ್ನೂ ಹೊತ್ತು ಹಾರಿತು. ಕೆಲವೇ ಗಂಟೆಗಳಲ್ಲಿ ರೇಡಿಯೋ ಮೌನವಾಯ್ತು. ಒಂದೇ ವಾರದಲ್ಲಿ ನೋಬಿಲೆಯವರನ್ನ ಸ್ವೀಡನ್ನಿನ ಪೈಲಟ್ ಒಬ್ಬರು ಹಿಮದಿಂದ ಕರೆತಂದರು. ಅಮುಂಡ್ಸನ್ ಬರಲಿಲ್ಲ. ಆಗಸ್ಟ್ ಕೊನೆಗೆ ವಿಮಾನದ ಒಂದು ಫ್ಲೋಟ್ ಸಮುದ್ರದಲ್ಲಿ ತೇಲುತ್ತಾ ಸಿಕ್ಕಿತು. ಅವರ ದೇಹ ಸಿಗಲೇ ಇಲ್ಲ.

ಸರಿಯಾಗಿ 50 ವರ್ಷದ ನಂತರ, 1978ರ ಜೂನ್ 18ರಂದು, ಟ್ರಾಮ್ಸೋ ಬಂದರಿನಲ್ಲಿ ಪೋಲಾರ್ ಮ್ಯೂಸಿಯಂ ಬಾಗಿಲು ತೆರೆಯಿತು.

ನಮ್ಮ ಟೀಮಿನಲ್ಲೂ ಮಾತು ಬಿಟ್ಟವರಿದ್ದಾರೆ. ಅವರ ಪ್ರಾಜೆಕ್ಟ್ ಕೆಟ್ಟು ನಿಂತ ರಾತ್ರಿ ಫೋನ್ ಬಂದರೆ, ನಾವು ಎದ್ದು ಹೋಗ್ತೀವಾ?