ಕ್ರಿಸ್ಟಿ ಮ್ಯಾಥ್ಯೂಸನ್

ಅಮೇರಿಕಾ ದೇಶದವರಿಗೆ ಬೇಸ್‌ಬಾಲ್ ಆಟದಲ್ಲಿರುವ ಪ್ರೀತಿಯು ಇಷ್ಟೆಂದು ಹೇಳತೀರದು. ನಮ್ಮ ಶಾಲೆಯ ಬಯಲಿನಲ್ಲಿ ಅದನ್ನು ಆಡಿದವರಿಲ್ಲವಾದರೂ, ಆ ಆಟದಿಂದ ಕೀರ್ತಿ ಹೊಂದಿದ ಒಬ್ಬ ಪುರುಷನ ಚರಿತ್ರೆಯನ್ನು ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ತಿಳಿಸಲಿಚ್ಛಿಸುತ್ತೇವೆ.

ಕ್ರಿಸ್ಟಿ ಮ್ಯಾಥ್ಯೂಸನ್ನನು 1880ನೆಯ ಇಸವಿಯಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಫ್ಯಾಕ್ಟರಿವಿಲ್ ಎಂಬ ಊರಿನಲ್ಲಿ ಹುಟ್ಟಿದನು. ಮಗನು ಬೋಧಕನಾಗಬೇಕೆಂಬುದು ತಾಯಿಯ ಆಶೆ. ಅವನಾದರೋ ಬಕ್‌ನೆಲ್ ವಿದ್ಯಾಲಯದಲ್ಲಿ ಓದಿ, 1900ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಚೆಂಡೆಸೆಯುವವನಾದನು. ಕರ್ತನ ದಿನದಲ್ಲಿ ಆಡುವುದಿಲ್ಲವೆಂದು ಮಾತ್ರ ತಾಯಿಗೆ ಮಾತುಕೊಟ್ಟಿದ್ದನು.

ಚೆಂಡೆಸೆಯುವವನೇ ಆ ಆಟದಲ್ಲಿ ತಂಡಕ್ಕೆ ಆಧಾರ. ಒಂಬತ್ತು ಸರದಿಗಳಲ್ಲಿ ಎದುರಾಳಿಗಳಲ್ಲೊಬ್ಬನೂ ತನ್ನ ಹೊಡೆತದ ಬಲದಿಂದ ಮೊದಲನೆಯ ನೆಲೆಯನ್ನು ಮುಟ್ಟದಂತೆ ಎಸೆಯುವುದು ಅಪರೂಪ. ಯಾವ ವಿಧದಿಂದಲೂ ಒಬ್ಬನೂ ಮುಟ್ಟದಿದ್ದರೆ ಅದು ಪರಿಪೂರ್ಣ ಆಟವೆನಿಸುವುದು. 1905 ಜೂನ್ 13ರಂದು ಚಿಕಾಗೋ ನಗರದಲ್ಲಿ ಈತನು ಮೊದಲನೆಯದನ್ನು ಸಾಧಿಸಿದನು. ಇಬ್ಬರು ಮಾತ್ರ ನೆಲೆ ಸೇರಿದರು; ಅದೂ ಈತನ ಜೊತೆಗಾರರ ತಪ್ಪಿನಿಂದಲೇ ಹೊರತು ಈತನ ತಪ್ಪಿನಿಂದಲ್ಲ. ಪರಿಪೂರ್ಣ ಆಟವು ಈತನಿಗೆ ಜೀವಮಾನದಲ್ಲಿಯೇ ದೊರೆಯಲಿಲ್ಲ. ಆದರೆ ಅದೇ ಅಕ್ಟೋಬರಿನಲ್ಲಿ, ವರ್ಷದ ಮಹಾಪಂದ್ಯಗಳಲ್ಲಿ, ಆರು ದಿನಗಳೊಳಗೆ ಮೂರು ಸಾರಿ ಎಸೆದು, 27 ಸರದಿಗಳಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಒಂದು ರನ್ನನ್ನೂ ಕೊಡಲಿಲ್ಲ.

1912ರ ಮಹಾಪಂದ್ಯದ ಕಡೆಯ ಆಟವು ಬಾಸ್ಟನ್ ನಗರದಲ್ಲಿ ನಡೆಯಿತು. ಆಗ ಈತನಿಗೆ 32 ವರ್ಷ. ಹತ್ತನೆಯ ಸರದಿಯಲ್ಲಿ ನ್ಯೂಯಾರ್ಕಿನವರು ಒಂದು ರನ್ನಿನಿಂದ ಮುಂದಿದ್ದರು. ಆಗ ಸ್ನಾಡ್‌ಗ್ರಾಸ್ ಎಂಬ ಜೊತೆಗಾರನು, ಸುಲಭವಾಗಿ ಕೈಗೆ ಬಂದ ಚೆಂಡನ್ನು ಜಾರಬಿಟ್ಟನು. ಇನ್ನೊಂದು ಚೆಂಡು ಮೂವರ ನಡುವೆ ನೆಲಕ್ಕೆ ಬಿತ್ತು. ಆ ಮೂವರಲ್ಲಿ ಮ್ಯಾಥ್ಯೂಸನ್ನನೂ ಒಬ್ಬನೆಂಬುದನ್ನು ನಾವು ಮರೆಮಾಚಲಾರೆವು. ಆಟವು ಸೋತುಹೋಯಿತು. ಪತ್ರಿಕೆಗಳು ಸ್ನಾಡ್‌ಗ್ರಾಸನನ್ನು ಹಳಿದವು. 1974ರಲ್ಲಿ ಅವನು ತೀರಿಕೊಂಡಾಗಲೂ ಆ ಒಂದು ಚೆಂಡನ್ನೇ ಸ್ಮರಿಸಿದವು. ಅಷ್ಟು ಹೊತ್ತು ತೋಳು ಸವೆಯಿಸಿದ ಮ್ಯಾಥ್ಯೂಸನ್ನನು ಮಾತ್ರ ಅವನ ಮೇಲೆ ತಪ್ಪು ಹೊರಿಸಲಿಲ್ಲ. ಈತನ 373 ಜಯಗಳಿಗಿಂತ ಈ ಸೋಲಿನ ದಿನವೇ ನಮಗೆ ಹೆಚ್ಚಾಗಿ ತೋರುತ್ತದೆ.

1918ರಲ್ಲಿ ಸೈನ್ಯಕ್ಕೆ ಸೇರಿ ಫ್ರಾನ್ಸ್ ದೇಶಕ್ಕೆ ಹೋದಾಗ ವಿಷವಾಯುವು ಈತನ ಶ್ವಾಸಕೋಶಕ್ಕೆ ತಗಲಿತು. ಬಳಿಕ ಕ್ಷಯರೋಗವು ಕಾಣಿಸಿಕೊಂಡಿತು. ಸಾರನಾಕ್ ಲೇಕ್ ಎಂಬಲ್ಲಿ ಬಹುಕಾಲ ಚಿಕಿತ್ಸೆ ಹೊಂದಿ, 1925 ಅಕ್ಟೋಬರ್ 7ರಂದು, ಆ ವರ್ಷದ ಮಹಾಪಂದ್ಯಗಳು ಆರಂಭವಾದ ದಿನವೇ, ತನ್ನ 45ನೆಯ ವಯಸ್ಸಿನಲ್ಲಿ ನಿದ್ರೆಹೋದನು. ತಾನು ಓದಿದ ವಿದ್ಯಾಲಯದ ಊರಾದ ಲೂಯಿಸ್‌ಬರ್ಗಿನಲ್ಲಿಯೇ ಈತನ ಸಮಾಧಿಯಿದೆ.